ಫ್ರಾನ್ಸಿನ ಹಳ್ಳಿ, ಅವ್ವನ ಒಗೆಯೋ ಕಲ್ಲು

ಬಟ್ಟೆ ಸೋಪಿನ ವಾಸನೆ ಎಲ್ಲಿ ಬಂದರೂ ನನಗೆ ಫ್ರಾನ್ಸು ನೆನಪಾಗುತ್ತದೆ. ಸೆಂಟಿನ ದೇಶಕ್ಕೆ ಹೋದವನು ಸೋಪಿನ ವಾಸನೆ ಹೊತ್ತು ತಂದನೇ ಎಂದು ನೀವು ನಗಬಹುದು. ನಗಿ, ನನಗೇನೂ ಬೇಜಾರಿಲ್ಲ. ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಹೊರಗೆ ಕೂತು ಬೆಡ್‌ಶೀಟಿಗೆ ಬಾರ್ ಸೋಪು ಉಜ್ಜುತ್ತಿದ್ದರು. ನಾನು ಕಾಫಿ ಲೋಟ ಹಿಡಿದುಕೊಂಡು ಗೇಟಿನ ಹತ್ತಿರವೇ ನಿಂತುಬಿಟ್ಟೆ.

ಎಂಬತ್ತರ ದಶಕದ ಮಾತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಗ್ರೈಂಡಿಂಗ್ ಮೆಷಿನ್ ನೋಡಿಕೊಳ್ಳುತ್ತಿದ್ದೆ. ಫ್ರಾನ್ಸಿನಿಂದ ಹೊಸ ಮೆಷಿನ್ ಬರುವುದಿತ್ತು. ಅದನ್ನು ಕಲಿತು ಬಾ ಎಂದು ಆರು ವಾರಕ್ಕೆ ನನ್ನನ್ನು ಅಲ್ಲಿಗೆ ಕಳಿಸಿದರು. ನಮ್ಮದು ಪೀಣ್ಯದ ಪಕ್ಕದ ಹಳೇ ಹಳ್ಳಿ. ಹೊಲಗಳೆಲ್ಲ ಶೆಡ್ಡಾಗುತ್ತಿದ್ದ ಕಾಲ, ನಾವೂ ಹಿತ್ತಲಲ್ಲಿ ಬಾಡಿಗೆಗೆಂದು ಒಂದು ಶೆಡ್ಡು ಎಬ್ಬಿಸುತ್ತಿದ್ದೆವು. ಹೊರಡುವ ದಿನ ಅವ್ವನ ಒಗೆಯೋ ಕಲ್ಲಿನ ಮೇಲೆ ನಿಂತು ಹಲ್ಲುಜ್ಜುತ್ತಾ ಮೇಸ್ತ್ರಿಗೆ ಹೇಳಿದೆ, ಪಾಯಕ್ಕೆ ಕಲ್ಲು ಸಾಲದಿದ್ದರೆ ಇದನ್ನೂ ಒಡೆದು ಹಾಕಿಬಿಡು ಅಂತ. ಆ ವಯಸ್ಸಿನಲ್ಲಿ ನನಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ.

ಅಲ್ಲಿನ ಫೋರ್‌ಮನ್ ಮಾರ್ಸೆಲ್ ಒಂದು ಭಾನುವಾರ ನನ್ನನ್ನು ಕಾರಿನಲ್ಲಿ ತನ್ನೂರಿಗೆ ಕರೆದೊಯ್ದ. ಗುಡ್ಡದ ಮೇಲೆ ಪುಟ್ಟ ಊರು. ಗೋಡೆ, ಬೀದಿ, ಮೆಟ್ಟಿಲು ಎಲ್ಲ ಒಂದೇ ಜೇನುಬಣ್ಣದ ಕಲ್ಲು, ಕಿಟಕಿಗೊಂದು ಹೂವಿನ ಕುಂಡ. ಚೆಂದವೇನೋ ಚೆಂದ, ಆದರೆ ಕಾಲು ಎಲ್ಲಿಡಬೇಕೋ ಎಂಬ ಭಯ. ಅವನು ಕೈ ತೋರಿಸಿದ್ದೆಲ್ಲ ಐನೂರು ವರ್ಷದ್ದು, ಆರುನೂರು ವರ್ಷದ್ದು. ಮನೆ ಬಾಗಿಲಿನ ಬಣ್ಣ ಬದಲಿಸಲೂ ಅಲ್ಲಿ ಅಪ್ಪಣೆ ಬೇಕಂತೆ. ನಮ್ಮಲ್ಲಿ ಕೆರೆ ಮುಚ್ಚಲೂ ಯಾರನ್ನೂ ಕೇಳುವುದಿಲ್ಲ ಎನ್ನಬೇಕೆನಿಸಿತು, ಇಂಗ್ಲಿಷ್ ಸಾಕಾಗಲಿಲ್ಲ.

ಊರ ತಗ್ಗಿನಲ್ಲಿ, ತೊರೆಯ ಪಕ್ಕ, ಹೆಂಚು ಹೊದಿಸಿದ ಬಟ್ಟೆ ಒಗೆಯುವ ಕೊಳ. ಎಂಬತ್ತು ದಾಟಿದ ಮಾರ್ಸೆಲನ ತಾಯಿ ಅಲ್ಲಿ ಮಂಡಿಯೂರಿ, ಇಳಿಜಾರು ಕಲ್ಲಿನ ಮೇಲೆ ಸೋಪು ಹಚ್ಚಿದ ಟವೆಲ್ಲಿಟ್ಟು ಮರದ ಹಲಗೆಯಿಂದ ತಟ್ಟಿ ತೋರಿಸಿದರು. ಮಗುವನ್ನು ಮಲಗಿಸಿದ ಹಾಗಿತ್ತು. ಇದೂ ಒಂದು ಒಗೆಯುವುದೇ ಎಂದು ನಾನು ಪ್ಯಾಂಟು ಮಡಚಿ, ಟವೆಲ್ ಇಸಿದುಕೊಂಡು, ತಲೆಯ ಮೇಲಿಂದ ಬೀಸಿ ರಪ್ಪನೆ ಬಡಿದೆ. ನೊರೆಯೆಲ್ಲ ಅಜ್ಜಿಯ ಕನ್ನಡಕಕ್ಕೆ ಹಾರಿತು. ಬಿದ್ದು ಬಿದ್ದು ನಕ್ಕರು. ಆಮೇಲೆ ನನ್ನ ಬೆರಳು ಹಿಡಿದು ಕಲ್ಲಿನ ಅಂಚಿನ ಮೇಲೆ ಎಳೆದರು. ಅಲ್ಲೊಂದು ಸಣ್ಣ ಗುರುತು, ಕಲ್ಲು ಕಡೆದವನು ಇದು ನನ್ನ ಕೆಲಸ ಎಂದು ಹಾಕಿದ್ದು. ನಿಮ್ಮೂರಿನ ಕಲ್ಲಿನಲ್ಲಿ ಏನಿದೆ ಎಂದು ಮಗನ ಮೂಲಕ ಕೇಳಿದರು.

ನಾನು ಜಂಬದಿಂದಲೇ ಶುರು ಮಾಡಿದೆ. ನಮ್ಮವ್ವ ಒಗೆಯೋ ಕಲ್ಲಿನಲ್ಲಿ ಕತ್ತಿ ಹಿಡಿದ ವೀರನೇ ಇದ್ದಾನೆ, ಹೋರಾಡಿ ಸತ್ತವನಿಗೆ ನಿಲ್ಲಿಸಿದ ಕಲ್ಲು, ನಿಮ್ಮ ಕೊಳಕ್ಕಿಂತ ಹಳೆಯದು. ಒಗೆಯಲು ಸಪಾಟಾಗಿರಲಿ ಎಂದು ಯಾರೋ ಅದನ್ನು ಮಗುಚಿ ಹಾಕಿದ್ದಾರೆ. ಚಿಕ್ಕವನಿದ್ದಾಗ ಸಂದಿಯಲ್ಲಿ ಕೈ ತೂರಿಸಿ ಅವನ ತುರುಬು, ಕತ್ತಿ ಮುಟ್ಟುತ್ತಿದ್ದೆ.

ಅಜ್ಜಿ ಏನೋ ಕೇಳಿದರು. ಮಾರ್ಸೆಲ್ ಮುರುಕು ಇಂಗ್ಲಿಷಿನಲ್ಲಿ ಅದನ್ನು ದಾಟಿಸಿದ.

"ಅವನು ಈಗಲೂ ಬೋರಲಾಗೇ ಮಲಗಿದ್ದಾನಾ?"

ಮೇಸ್ತ್ರಿಗೆ ಹೇಳಿ ಬಂದದ್ದು ಆಗ ನೆನಪಾಯಿತು. ನಾಚಿಕೆಯಾಯಿತು. ಮಾರನೆಯ ದಿನ ಪೋಸ್ಟಾಫೀಸಿಗೆ ಓಡಿ, ಕಲ್ಲು ಒಡೆಯಬೇಡಿ ಎಂದು ಮನೆಗೆ ತಂತಿ ಕಳಿಸಿದೆ. ಉಳಿದ ಮೂರು ವಾರ ಮೆಷಿನ್ ಎಷ್ಟು ಕಲಿತೆನೋ, ಕಿವಿಯಲ್ಲಿ ಸುತ್ತಿಗೆಯದೇ ಸದ್ದು.

ಊರಿಗೆ ಬಂದವನು ಚೀಲ ಕೂಡ ಇಳಿಸದೆ ಹಿತ್ತಲಿಗೆ ಹೋದೆ. ಶೆಡ್ಡಿನ ಗೋಡೆ ಎದೆಮಟ್ಟ ಎದ್ದಿತ್ತು. ಕಲ್ಲು ಅಲ್ಲೇ ಇತ್ತು, ಅವ್ವ ಅದರ ಮೇಲೆ ಸೀರೆ ಒಗೆಯುತ್ತಿದ್ದಳು. ನನ್ನ ತಂತಿ ಕೆಲಸ ಮಾಡಿತು ಎಂದು ಬೀಗಿದೆ. ಆದರೆ ತಂತಿ ದೇವರ ಪಟದ ಹಿಂದೆ, ಬಿಚ್ಚದೆ, ಹಾಗೇ ಇತ್ತು. ಆಗೆಲ್ಲ ಹಳ್ಳಿಯಲ್ಲಿ ತಂತಿ ಎಂದರೆ ಸಾವಿನ ಸುದ್ದಿ. ತಂದವನು ಓದಿ ಹೇಳುತ್ತೇನೆಂದರೂ ಅವ್ವ ಬೇಡವೆಂದು, ನಾನು ಬರುವವರೆಗೆ ದಿನಾ ದೀಪ ಹಚ್ಚಿದ್ದಳು. ಹಾಗಾದರೆ ಮೇಸ್ತ್ರಿ ಏಕೆ ಒಡೆಯಲಿಲ್ಲ ಎಂದು ಕೇಳಿದೆ.

"ಅವ್ನು ಬಂದಾಗೆಲ್ಲ ನಾನು ಒಗೀತಾನೇ ಇದ್ದೆ. ಒಗ್ದಿರೋ ಸೀರೇನೇ ಮತ್ತೆ ಒಗ್ದೆ. ನಾಕ್ ದಿನ ನೋಡ್ದ, ಸುಮ್ನಾದ."

ಮುಂದಿನ ಭಾನುವಾರ ನಾಲ್ಕು ಜನ ಸೇರಿ ಕಲ್ಲನ್ನು ಎತ್ತಿ ನಿಲ್ಲಿಸಿದೆವು. ನೀರು ಹಾಕಿ ಮಣ್ಣು ತೊಳೆದಾಗ ವೀರ ಕತ್ತಿ ಎತ್ತಿಕೊಂಡು ಹೊರಗೆ ಬಂದ. ಮದುವೆಯಾಗಿ ಬಂದಾಗಿನಿಂದ ಅದೇ ಕಲ್ಲಿನ ಮೇಲೆ ಒಗೆದ ಅವ್ವ ಅವನ ಮುಖ ನೋಡಿದ್ದು ಅವತ್ತೇ ಮೊದಲು.

"ಇಷ್ಟ್ ವರ್ಷ ಇವನ್ ಬೆನ್ನ ಮೇಲೆ ಬಡ್ದಿವ್ನಲ್ಲೋ. ಒಂದ್ ಮಾತಾಡ್ದೆ ತಡ್ಕಂಡವ್ನೆ. ನಿಮ್ಮಪ್ಪಂಗೂ ಇಷ್ಟ್ ತಾಳ್ಮೆ ಇರ್ಲಿಲ್ಲ."

ಒಗೆಯಲು ಹೊಸ ಚಪ್ಪಡಿ ತಂದುಕೊಟ್ಟೆ. ಅದರ ಮೇಲೆ ಬಟ್ಟೆ ಬೆಳ್ಳಗಾಗುವುದಿಲ್ಲ ಎಂದು ಅವ್ವ ಕೊನೆಯವರೆಗೂ ಗೊಣಗಿದಳು.

ಈಗ ಅವ್ವ ಇಲ್ಲ. ಕಲ್ಲು ನಮ್ಮ ಗೇಟಿನ ಪಕ್ಕ ನಿಂತಿದೆ. ನೋಡಲು ಬಂದವರು ಮುಂದೆ ನಿಂತು ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಾನೂ ಇಷ್ಟು ದಿನ ಮುಂದಿನಿಂದಲೇ ತೋರಿಸುತ್ತಿದ್ದೆ. ಇವತ್ತು ಸೋಪಿನ ವಾಸನೆ ಮೂಗಿಗೆ ಬಡಿದಾಗ ಲೋಟ ಕೆಳಗಿಟ್ಟು ಹಿಂದಕ್ಕೆ ಹೋದೆ. ಬೆನ್ನು ನುಣ್ಣಗಿದೆ, ನಡುವೆ ಚೂರು ತಗ್ಗಾಗಿದೆ. ಆ ತಗ್ಗಿನಲ್ಲಿ ನಿಧಾನಕ್ಕೆ ಬೆರಳು ಎಳೆದೆ. ನಮ್ಮ ಕಲ್ಲಿನಲ್ಲೂ ಗುರುತಿದೆ ಅಜ್ಜಿ, ನಮ್ಮವ್ವನದು.