ಬೋಳು ಹಾರೆ

ಡ್ರಾಯಿಂಗ್ ಮೇಡಂ ಅವರ ಎಡ ಹುಬ್ಬು ಅರ್ಧಕ್ಕೇ ನಿಂತಿತ್ತು. ವೆಲ್ಡಿಂಗ್ ಕಿಡಿ ಹಾರಿ ಸುಟ್ಟದ್ದು. ಎಡವೋ ಬಲವೋ, ಆಣೆ ಮಾಡಿ ಹೇಳಲಾರೆ. ಎದುರು ಬೆಂಚಿನಲ್ಲಿ ಕೂತು ನೋಡಿದವರಿಗೆ ಎಡಬಲ ತಿರುಗುಮುರುಗಾಗುತ್ತದೆ.

ಹೈಸ್ಕೂಲಿನಲ್ಲಿ ನೀಟಾಗಿ ಬರೆದ ಮಾವಿನಕಾಯಿ ತೋರಿಸಿದರೆ, "ಚೆನ್ನಾಗೈತೆ. ಇಷ್ಟು ಚೆನ್ನಾಗಿರೋದು ಬ್ಯಾಡ" ಎಂದು ಪುಟ ತಿರುವುತ್ತಿದ್ದರು. ಅವರ ಅಪ್ಪ ತುರುವೇಕೆರೆ ಸುತ್ತಿನ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವವರು.

ತೊಂಬತ್ತರ ದಶಕದ ಕೊನೆಗೆ, ಬಸ್ ನಿಲ್ದಾಣದ ಮುಂದೆ ಶಿಲ್ಪವೊಂದನ್ನು ನಿಲ್ಲಿಸಲು ಮೇಡಂಗೆ ಒಪ್ಪಿಗೆ ಸಿಕ್ಕಿತು. ಗುಜರಿಯ ಸ್ಕೂಟರ್ ತಗಡು, ಬೋರ್‌ವೆಲ್ ಪೈಪು, ಸುಟ್ಟ ಮೋಟಾರು ಬೆಸೆದು, ಬಾಗಿ ಕಾಯಿ ಸುಲಿಯುವ ಐದು ಆಳುಗಳನ್ನು ಮಾಡಿದರು. ನಾಲ್ವರು ಸುತ್ತ, ಒಬ್ಬ ನಡುವೆ. ಪ್ರತಿಯೊಬ್ಬನ ಮುಂದೆ, ಕಾಯಿ ಕುಕ್ಕಿ ಸುಲಿಯಲು ಮೊನೆ ಮೇಲಾಗಿ ನೆಟ್ಟ ಹಾರೆ. ಸವೆದು ಮೂಲೆ ಸೇರಿದ್ದ ನಿಜವಾದ ಹಾರೆಗಳೇ, ನಡುವಿನದು ಅವರ ಅಪ್ಪನದು.

ನಮ್ಮ ಕಡೆ ದಿನದ ಕೆಲಸ ಮುಗಿದ ಮೇಲೆ ಹಾರೆಯ ಮೊನೆಗೆ ತೆಂಗಿನ ಸಿಪ್ಪೆ ಸಿಕ್ಕಿಸುತ್ತಾರೆ, ಯಾರಿಗೂ ಚುಚ್ಚದಿರಲೆಂದು. ಮೇಡಂ ಸಿಕ್ಕಿಸಲಿಲ್ಲ. "ಸಿಪ್ಪೆ ಹಾಕಿದ್ರೆ ಇವ್ರು ಕೆಲ್ಸ ಬುಟ್ಟು ಎದ್ದಂಗಾಯ್ತದೆ" ಎಂದರು.

ಉದ್ಘಾಟನೆಯ ಹಿಂದಿನ ದಿನ ಒಪ್ಪಿಗೆ ಕೊಟ್ಟ ಕಚೇರಿಯ ಎಂಜಿನಿಯರ್ ಬಂದರು, ಜೊತೆಗೆ ಗ್ಯಾಸ್ ಕಟರ್ ಹಿಡಿದವನೊಬ್ಬ.

"ಮಕ್ಕಳು ಓಡಾಡೋ ಜಾಗ ಮೇಡಂ. ಮೊನೆ ಕತ್ತರಿಸ್ಬೇಕು. ಇಲ್ಲಾಂದ್ರೆ ಇಡೀದನ್ನ ವಾಪಸ್ ಗುಜರಿಗೆ ಹಾಕಿಸ್ತೀನಿ."

"ಕತ್ತರಿಸಿ, ನಿಮ್ಮನೆ ಕಾಂಪೌಂಡ್ ಗೇಟಿಗೆ ಹಾಕ್ಕಳಿ!"

ನೋಡಲು ಸೇರಿದ್ದ ಜನ ನಕ್ಕರು. ಎಂಜಿನಿಯರ್ ನಗಲಿಲ್ಲ. ಕಟರ್ ಹೊತ್ತಿಕೊಂಡಿತು. ಮೇಡಂ ನಡುವಿನ ಮೊನೆಯ ಮೇಲೆ ಅಂಗೈ ಊರಿದರು. ನೀಲಿ ಉರಿ ಅವರ ಬಳೆಯ ಹತ್ತಿರ ಬಂದು ನಿಂತಿತು. ಕಟರ್‌ನವನು ಎಂಜಿನಿಯರ್ ಮುಖ ನೋಡಿದ. ಅವರು ಬೇರೆಲ್ಲೋ ನೋಡುತ್ತಿದ್ದರು.

ಆಗ ಗುಂಪಿನಿಂದ ಮೇಡಂ ಅವರ ಅಪ್ಪ ಬಂದರು, ಟವೆಲ್ಲಿನಲ್ಲಿ ಸಿಪ್ಪೆ ಕಟ್ಟಿಕೊಂಡು.

"ಹಟ ಸಾಕು ಕಣವ್ವ. ಯಾರ್ದೋ ಮಗೀಗೆ ಚುಚ್ಚಿದ್ರೆ ನೀನ್ ತಡ್ಕತೀಯಾ? ಸ್ವಾಮಿ, ಮುಚ್ಚುದ್ರೆ ಆಯ್ತದಾ?"

ಎಂಜಿನಿಯರ್ ಆಗಲೆಂದು ತಲೆಯಾಡಿಸಿದರು. ಅಪ್ಪ ನಾಲ್ಕು ಮೊನೆಗಳಿಗೆ ಸಿಪ್ಪೆ ಸಿಕ್ಕಿಸಿದರು. ಐದನೆಯದರ ಮೇಲಿಂದ ಮಗಳ ಕೈ ಏಳಲಿಲ್ಲ.

"ನಡುವಿಂದು ಯಾವ ಮಗೀಗೂ ಎಟುಕಲ್ಲ ಅಪ್ಪ. ಇದೊಂದು ಬುಡು."

ಅಂಗೈಯಿಂದ ರಕ್ತ ಹಾರೆಗುಂಟ ಇಳಿಯುತ್ತಿತ್ತು. ಇಳಿಯುತ್ತಿತ್ತೇ? ನನ್ನ ನೆನಪೇ ಬಣ್ಣ ಬಳಿದಿರಬಹುದು. ಇಷ್ಟು ಚೆನ್ನಾಗಿರೋದು ಬ್ಯಾಡ. ಎಂಜಿನಿಯರ್ "ಅದೊಂದೇ" ಎಂದು ಜೀಪು ಹತ್ತಿದ್ದು ಮಾತ್ರ ನಿಜ.

ಕೆಲವು ವರ್ಷಗಳ ನಂತರ ಮೇಡಂ ತೀರಿಕೊಂಡರು. ಕಾಯಿಲೆ ಹೆಚ್ಚು ಸಮಯ ಕೊಡಲಿಲ್ಲ. ತಿಥಿ ಮುಗಿದ ಮೇಲೆ ಅವರ ಅಪ್ಪನ ಜೊತೆ ಬಸ್ ನಿಲ್ದಾಣಕ್ಕೆ ಬಂದೆ. ಅವರು ಕಬ್ಬಿಣದ ಆಳುಗಳ ನಡುವೆ ನುಸುಳಿ, ಬೋಳು ಹಾರೆಯ ಮೇಲೆ ಹಸಿ ಸಿಪ್ಪೆಯೊಂದನ್ನು ಒತ್ತಿ ಕೂರಿಸಿದರು.

"ಆಯ್ತು ಕಣವ್ವ. ಎದ್ದೇಳು."

ಅಪ್ಪನಿಗೆ ಆ ಹಕ್ಕಿದೆ. ಆದರೂ ಬಸ್ಸು ಆ ದಾರಿಯಲ್ಲಿ ಹಾದಾಗಲೆಲ್ಲ ಇಳಿದು ಅದನ್ನು ಕಿತ್ತೆಸೆಯಲು ನನ್ನ ಕೈ ಕಡಿಯುತ್ತದೆ. ಇನ್ನೂ ಇಳಿದಿಲ್ಲ.