ಕಡ್ಲೆಪುರಿ ತಿನ್ನುತ್ತಿದ್ದ ಬೇಟೆಮೀನು

ಕೊರೊನಾ ಬರುವುದಕ್ಕೆ ಎರಡು ವರ್ಷ ಮೊದಲು ನಾನು ಕೊಳ್ಳೇಗಾಲದ ಹತ್ತಿರ ಮೀನುಮರಿ ಸಾಕುವ ಕೊಳಗಳ ಉಸ್ತುವಾರಿಯಲ್ಲಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಈಗ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಿದ್ದಾಳೆ. ಬೇರೆಯವರ ತಪ್ಪು ಬರೆಯಲು ಬೆರಳು ತಾನಾಗಿ ಓಡುತ್ತದೆ. ಇದು ನನ್ನ ತಪ್ಪು, ಅದಕ್ಕೇ ಮೂರು ದಿನ ಹಿಡಿಯಿತು.

ನಮ್ಮ ಕೆಲಸದಲ್ಲಿ ‘ಸ್ಟಂಟಿಂಗ್’ ಎಂದು ಒಂದಿದೆ. ರೋಹು, ಕಾಟ್ಲಾ ಮರಿಗಳನ್ನು ಒಂದೇ ಕೊಳದಲ್ಲಿ ಕಿಕ್ಕಿರಿದು ತುಂಬಿ, ಅರೆಹೊಟ್ಟೆ ಮೇವು ಹಾಕಿ, ಬೆಳೆಯದಂತೆ ತಡೆಯುತ್ತೇವೆ. ಮಳೆ ಬಂದು ಕೆರೆ ತುಂಬಿದ ಮೇಲೆ ಬಿಟ್ಟರೆ, ತಡೆದಿಟ್ಟ ಬೆಳವಣಿಗೆಯೆಲ್ಲ ಒಟ್ಟಿಗೆ ಬಂದು ಬೇಗ ತೂಕ ಹಿಡಿಯುತ್ತವೆ. ವರ್ಷಗಟ್ಟಲೆ ಇದನ್ನೇ ಮಾಡಿದವಳು ನಾನು.

ಒಂದು ದಿನ ಯಳಂದೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಹದೇವಸ್ವಾಮಿ ಕೊಳದ ಹತ್ತಿರ ಬಂದರು. ಅಂಗಡಿಯಲ್ಲಿ ಮೀನಿದ್ದರೆ ವ್ಯಾಪಾರ ಕುದುರುತ್ತದೆ ಎಂದು ಯಾರೋ ಹೇಳಿದ್ದರಂತೆ. ಫೋನಿನಲ್ಲಿ ಫೋಟೊ ತೋರಿಸಿದರು. ಬೆರಳುದ್ದದ ಮರಿ, ಕೆಂಪು ಬಾಲ, ಬಿಳಿ ಹೊಟ್ಟೆ, ಉದ್ದ ಮೀಸೆ. ರೆಡ್ ಟೇಲ್ ಕ್ಯಾಟ್‌ಫಿಶ್. ನಾಲ್ಕು ಅಡಿ ಗಾಜಿನ ತೊಟ್ಟಿಯಲ್ಲಿ ಬದುಕುತ್ತದೆಯೇ ಎಂದು ಕೇಳಿದರು. ಆ ಹೊತ್ತಿಗೆ ಮರಿ ಎಣಿಸಿ ಚೀಲಕ್ಕೆ ತುಂಬುತ್ತಿದ್ದೆ. ತಲೆ ಎತ್ತದೆ ಹೇಳಿದೆ: “ಬದುಕ್ತದ ಸ್ವಾಮಿ. ತೊಟ್ಟಿ ಚಿಕ್ಕದಾದ್ರ ಮೀನೂ ಚಿಕ್ಕದಾಗೇ ಇರ್ತದ, ಓಗಿ.”

ಸ್ಟಂಟಿಂಗ್ ಕಂಡ ಕಣ್ಣಿಗೆ ಅದು ಸುಳ್ಳು ಅನ್ನಿಸಲಿಲ್ಲ. ನಮ್ಮ ಮರಿಗಳಿಗೆ ಕೊನೆಗೊಂದು ಕೆರೆ ಸಿಗುತ್ತದೆ, ಇದಕ್ಕೆ ಎಂದೂ ಸಿಗುವುದಿಲ್ಲ ಎಂಬುದು ಹೊಳೆಯಲೇ ಇಲ್ಲ.

ವರ್ಷ ಕಳೆದು ಮಹದೇವಸ್ವಾಮಿಯೇ ಫೋನ್ ಮಾಡಿದರು. ಮೀನು ಗಾಜಿಗೆ ಗುದ್ದುತ್ತಿದೆ, ಬಂದ ಹೆಂಗಸರು ಹೆದರಿ ಸೀರೆ ನೋಡದೆ ಹೋಗುತ್ತಿದ್ದಾರೆ ಎಂದರು. ಮರುದಿನ ಬೆಳಗಿನ ಬಸ್ಸಿಗೆ ಹೋದೆ.

ಮೀನು ಎರಡು ಅಡಿ ಆಗಿತ್ತು. ತೊಟ್ಟಿಯ ಅಗಲ ಒಂದೂವರೆ ಅಡಿ. ತಿರುಗಬೇಕಾದರೆ ಮೈ ಮಡಚಬೇಕು. ಮಡಚಿ ಮಡಚಿ ಬೆನ್ನೇ ಡೊಂಕಾಗಿತ್ತು. ಗಾಜಿಗೆ ಉಜ್ಜಿ ಮೂತಿ ಹಸಿಗಾಯವಾಗಿತ್ತು. ಸುತ್ತ ಏಳೆಂಟು ಗೋಲ್ಡ್ ಫಿಶ್ ಒಂದು ಮೂಲೆಗೆ ಒತ್ತಿಕೊಂಡಿದ್ದವು. ಗಾಜಿನ ಮೇಲೆ ವಿಭೂತಿ, ಕುಂಕುಮ. ನೀರಿನ ಮೇಲೆ ತೇಲುತ್ತಿದ್ದದ್ದು ಕಡ್ಲೆಪುರಿ.

ಮಹದೇವಸ್ವಾಮಿಯ ತಾಯಿ ಗೌರಮ್ಮ ಗಲ್ಲಾಪೆಟ್ಟಿಗೆಯ ಪಕ್ಕ ಕೂತಿದ್ದರು. ಶಿವಪೂಜೆ ಮಾಡದೆ ನೀರು ಮುಟ್ಟದ ಹೆಂಗಸು. ಮೀನಿಗೆ ದಿನಾ ಅವರೇ ಕೈಯಾರೆ ಪುರಿ ಹಾಕುತ್ತಿದ್ದರು. ಅಂಗಡಿಯೊಳಗೆ ಮಾಂಸದ ತುಣುಕೂ ಬರಕೂಡದು.

“ನಮ್ಮ ಮೀನು ಶರಣ ಕನವ್ವ. ಪುರಿ ಬುಟ್ರ ಏನೂ ಮುಟ್ಟಲ್ಲ,” ಎಂದರು.

ತೊಟ್ಟಿ ಖಾಲಿ ಕಾಣಬಾರದೆಂದು ತಿಂಗಳಿಗೊಮ್ಮೆ ಹೊಸ ಗೋಲ್ಡ್ ಫಿಶ್ ತರುವುದಾಗಿ ಮಗ ಹೇಳಿದರು. ಹಳೆಯವು ಏನಾಗುತ್ತವೋ ತಿಳಿಯದಂತೆ. ಇದರ ಜೊತೆಗೇ ತಂದಿದ್ದ ಕೆಂಪುಬಾಲದ ಇನ್ನೊಂದು ಮರಿಯೂ ಹಾಗೇ ಕಾಣೆಯಾಗಿತ್ತಂತೆ.

“ಅವುನ್ನೆಲ್ಲ ನಿಮ್ ಶರಣ್ರೇ ಪರ್ಸಾದ ಮಾಡ್ಕಂಡವ್ರ ಅವ್ವಾ,” ಎಂದೆ.

ಮುದುಕಿ ಮೊದಲು ನಗಲು ಹೋದರು, ಆಮೇಲೆ ಅರ್ಥವಾಯಿತು. ತೊಟ್ಟಿಯ ಕಡೆ ನೋಡಲಿಲ್ಲ.

ಇದು ಬೇಟೆಮೀನು, ಹಸಿವಿಗೂ ಇಕ್ಕಟ್ಟಿಗೂ ನರಳುತ್ತಿದೆ, ಸದ್ಯಕ್ಕೆ ಮೀನೋ ಸಿಗಡಿಯೋ ಹಾಕಿದರೆ ಸ್ವಲ್ಪ ಚೇತರಿಸಬಹುದು ಎಂದೆ. ಗೌರಮ್ಮ ಆಗಲ್ಲ ಎಂದರು. ಮಾಂಬಳ್ಳಿ ಕಡೆ ಯಾವುದಾದರೂ ಕೆರೆಗೆ ಬಿಟ್ಟುಬಿಡುತ್ತೇನೆ ಎಂದರು ಮಗ. ಅದಕ್ಕೆ ನಾನೇ ಅಡ್ಡ ಬಂದೆ. ಬೇರೆ ದೇಶದ ಬೇಟೆಮೀನು ಕೆರೆಗಿಳಿದರೆ, ಅಲ್ಲಿ ಬಲೆ ಹಾಕಿ ಬದುಕುವವರ ಮೀನನ್ನು ಅದು ಉಳಿಸುವುದಿಲ್ಲ.

ಗೌರಮ್ಮ ಮತ್ತೆ ಹೇಳಿದರು: “ಒಂದು ಜೀವ ಉಳಿಸಕ್ಕ ಇನ್ನೊಂದು ಜೀವ ಕೊಲ್ಲು ಅಂತೀಯಲ್ಲ ನೀನು.”

ಅವರ ಹಿಂದೆ ಗೋಡೆಯುದ್ದಕ್ಕೂ ರೇಷ್ಮೆ ಸೀರೆ ಜೋಡಿಸಿಟ್ಟಿತ್ತು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

“ಆ ಮೇಲ್ಗಡೆ ಅಸಿರು ಸೀರೆ ಅದಲ್ಲ, ಅದ್ಕ ಎಷ್ಟು ಉಳ ಬೇಯ್ಸವ್ರೆ ಅವ್ವಾ?”

ರೇಷ್ಮೆ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಹದೇವಸ್ವಾಮಿ ಬಾಗಿಲಾಚೆ ನೋಡತೊಡಗಿದರು.

“ಒಳಕ್ ಏನೂ ತರ್ಬ್ಯಾಡ. ಮೀನ್ನೇ ಆಚ್ಗ ತಕಂಡೋಗು,” ಎಂದರು ಗೌರಮ್ಮ ಕೊನೆಗೆ.

ಲವಂಗದ ಎಣ್ಣೆ ನಾಲ್ಕು ಹನಿ ನೀರಿಗೆ ಬೆರೆಸಿ ಮೀನಿಗೆ ಮಂಪರು ಬರಿಸಿ, ದೊಡ್ಡ ಡ್ರಮ್ಮಿಗೆ ಇಳಿಸಿ, ಟೆಂಪೋದಲ್ಲಿ ಕೊಳ್ಳೇಗಾಲಕ್ಕೆ ತಂದೆ. ಮೂವತ್ತು ಅಡಿಯ ಒಂದು ಸಿಮೆಂಟ್ ತೊಟ್ಟಿ ಖಾಲಿ ಇತ್ತು, ಅದಕ್ಕೆ ಬಿಟ್ಟೆ.

ನಾಲ್ಕನೆಯ ದಿನ ಗೌರಮ್ಮ ಒಬ್ಬರೇ ಬಸ್ಸಿನಲ್ಲಿ ಬಂದಿಳಿದರು. ಕೈಯನ್ನು ಮೈಯಿಂದ ದೂರ ಚಾಚಿ ಒಂದು ಕವರ್ ಹಿಡಿದಿದ್ದರು, ಮೂಗಿಗೆ ಸೆರಗು. ಒಳಗೆ ನೂಲು ಬಿಚ್ಚಿದ ಮೇಲೆ ಉಳಿಯುವ, ಆಗಲೇ ಬೆಂದು ಸತ್ತ ರೇಷ್ಮೆಹುಳ. ವಾಸನೆಗೆ ಬಸ್ಸಿನವರೆಲ್ಲ ಬಯ್ದರಂತೆ. ಮೀನಿಗೆ ಹಾಕಲು ನನಗೆ ಕೊಡಲಿಲ್ಲ, ತಾವೇ ಒಂದೊಂದಾಗಿ ಹಾಕಿದರು. ಮೀನು ಬಂದು ನುಂಗಿತು. ಪ್ರತಿ ಸಲ ಅವರು ಕಣ್ಣು ಮುಚ್ಚಿಕೊಂಡರು.

ಆದರೆ ಡೊಂಕಾದ ಬೆನ್ನು ನೆಟ್ಟಗಾಗಲಿಲ್ಲ. ಆರನೆಯ ದಿನದಿಂದ ತಿನ್ನುವುದು ಬಿಟ್ಟಿತು. ಹನ್ನೊಂದನೆಯ ದಿನ ಬೆಳಿಗ್ಗೆ ತೊಟ್ಟಿಯ ತಳದಲ್ಲಿ ಸತ್ತು ಒರಗಿತ್ತು. ಗೌರಮ್ಮನಿಗೆ ಫೋನ್ ಮಾಡಿದೆ.

“ಓಗುವಾಗ ಒಟ್ಟೆ ತುಂಬಿತ್ತಾ?” ಎಂದು ಕೇಳಿದರು.

“ತುಂಬಿತ್ತು ಅವ್ವಾ,” ಎಂದೆ. ಸುಳ್ಳು.

ಇಂಥ ಮೀನನ್ನು ಹೀಗೆ ಇಡುವುದು ಕ್ರೌರ್ಯವೇ ಎಂದು ಕೇಳಿದರೆ ಹೌದು ಎನ್ನುತ್ತೇನೆ. ಗೌರಮ್ಮನನ್ನು ಕ್ರೂರಿ ಎನ್ನಲು ಮಾತ್ರ ನನ್ನಿಂದ ಆಗುವುದಿಲ್ಲ. ಆಕೆ ಕೈಯಾರೆ ಉಣಿಸಿದವರು. ಮೀನಿನ ಕೆಲಸ ಗೊತ್ತಿದ್ದೂ ಯೋಚಿಸದೆ, ತಲೆ ಎತ್ತದೆ ಉತ್ತರ ಕೊಟ್ಟವಳು ನಾನು. ಮರಿಯನ್ನು ತೋರಿಸಿ ಕೇಳುವವರಿಗೆ ದೊಡ್ಡದಾದಾಗಿನ ಮೀನನ್ನು ತೋರಿಸಬೇಕು. ಕೆಲಸ ಇಷ್ಟನ್ನು ಕಲಿಸಿತು, ನಿವೃತ್ತಿಯ ಅಂಚಿಗೆ ಬಂದಾಗ.

ಈಗ ಪೇಟೆಯಲ್ಲಿ ಬಣ್ಣದ ಮೀನು ಮಾರುವ ಅಂಗಡಿಗೆ ವಾರಕ್ಕೊಮ್ಮೆ ಹೋಗುತ್ತೇನೆ. ಯಾರಾದರೂ ಕೆಂಪುಬಾಲದ ಮರಿ ಕೇಳಿದರೆ ಕೈ ಎರಡೂ ಅಗಲಿಸಿ, “ಇಷ್ಟುದ್ದ ಆಯ್ತದ ಕನಪ್ಪ, ನಿಮ್ ಮಂಚ ಬುಟ್ಕೊಟ್ಟೀರಾ?” ಎನ್ನುತ್ತೇನೆ. ಅಂಗಡಿಯವನು ನನಗೆ ಕುರ್ಚಿ ಹಾಕುವುದನ್ನು ಬಿಟ್ಟಿದ್ದಾನೆ. ನಿಂತುಕೊಂಡೇ ಹೇಳುತ್ತೇನೆ.