ಗಂಧ ಹಚ್ಚಿಸಿಕೊಂಡ ಇಂಜಿನ್

ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅರವತ್ತರ ದಶಕದ ಆ ಬಯಲಿನಲ್ಲಿ ನಮ್ಮ ಮನೆ ಮುಂದೆ ಮಾತ್ರ ಒಂದು ಮೋಟಾರ್ ಬೋಟ್ ನಿಂತಿತ್ತು. ಯಾವನೋ ಇಂಗ್ಲಿಷ್ ದೊರೆ ಬಿಟ್ಟುಹೋದದ್ದನ್ನು ನಮ್ಮವರು ಹರಾಜಿನಲ್ಲಿ ಹಿಡಿದು ತಂದಿದ್ದರು. ಸಮುದ್ರವೆಲ್ಲಿ, ನಾವೆಲ್ಲಿ! ಬೀದಿಯೆಲ್ಲ ನಕ್ಕಿತು. ಹೊಸ ಸೊಸೆ ಎನ್ನುವುದನ್ನೂ ಮರೆತು ನಾನೂ ನಕ್ಕೆ. ನಗದವರು ಅತ್ತೆ ಒಬ್ಬರೇ.

ಅತ್ತೆಯ ತವರು ಜರಗನಹಳ್ಳಿ ಕಡೆ, ಕೆರೆ ದಂಡೆಯ ಮೇಲೇ. ನಮ್ಮ ಮದುವೆ ಚಪ್ಪರದಲ್ಲಿ ತಮ್ಮನ ಜೊತೆ ಏನೋ ಮಾತಿಗೆ ಮಾತು ಬೆಳೆದು, "ಇನ್ನು ನಿನ್ನೂರಿನ ನೆಲದ ಮೇಲೆ ಕಾಲಿಡಲ್ಲ" ಅಂದುಬಿಟ್ಟಿದ್ದರು. ಆಡಿದ್ದು ಆಡಿಯಾಗಿತ್ತು. ಬೋಟ್ ಬಂದ ದಿನವೇ ಮಗನನ್ನು ಮೆಲ್ಲಗೆ ಕೇಳಿದರು, "ಕೆರೆ ಮಧ್ಯದಿಂದ ನಮ್ಮನೆ ಕಾಣುತ್ತೇನೋ?"

ಕರೆದುಕೊಂಡು ಹೋಗ್ತೀನಿ ಅಂದರು ಇವರು. ಆದರೆ ಬೋಟನ್ನು ಆ ಕೆರೆಗೆ ಸಾಗಿಸಿ ಇಳಿಸಿದ ಮೊದಲ ಸಲವೇ ಇಂಜಿನ್ ಕಾದು ನಿಂತು, ಜೊಂಡಿನಲ್ಲಿ ಸಿಕ್ಕಿಕೊಂಡು ಒದ್ದಾಡಿದರು. ಅದಕ್ಕೇ ಇಂಜಿನ್ನಿನ ಶಾಖ ತೋರಿಸುವ ಒಂದು ಮೀಟರ್ ತಂದು ಹಾಕಿದರು. ಮುಳ್ಳು ಸರಿಯಾಗಿ ಆಡುವವರೆಗೆ ಅಮ್ಮನನ್ನು ಹತ್ತಿಸಲ್ಲ ಅಂತ ಹಟ.

ಆಯುಧಪೂಜೆಯವರೆಗೂ ಮುಳ್ಳು ಚೆನ್ನಾಗಿಯೇ ಆಡಿತು. ಹಬ್ಬ ಕಳೆದದ್ದೇ ತಡ, ಮಲಗಿಬಿಟ್ಟಿತು. ಇಂಜಿನ್ ಮೇಲೆ ನೀರು ಚಿಮುಕಿಸಿದರೆ ಚುರ್ ಅನ್ನುತ್ತಿದೆ, ಮುಳ್ಳು ಮಾತ್ರ ತಣ್ಣಗಿದ್ದೀನಿ ಅನ್ನುತ್ತದೆ. ಇವರು ಗಾಜು ತಟ್ಟಿದರು. ತಂತಿ ಬದಲಾಯಿಸಿದರು. ಕೊನೆಗೆ ಮೀಟರನ್ನೂ ಶಾಖ ಹಿಡಿಯುವ ಹಿತ್ತಾಳೆಯ ತುಣುಕನ್ನೂ ಬಿಚ್ಚಿ ಮನೆಗೆ ತಂದು, ನನ್ನ ಸಾರಿನ ಪಾತ್ರೆಯಲ್ಲಿ ನೀರು ಕುದಿಸಿ, ಅದರಲ್ಲಿ ಮುಳುಗಿಸಿ ಬ್ಯಾಟರಿಗೆ ಕೊಟ್ಟರು. ಅಡುಗೆಮನೆಯಲ್ಲಿ ಮುಳ್ಳು ಜಂಬದಿಂದ ಮೇಲೆದ್ದಿತು. ಮತ್ತೆ ಇಂಜಿನ್ನಿಗೆ ಕೂಡಿಸಿದರೆ ಅದೇ ನಿದ್ದೆ. ಆ ಪಾತ್ರೆಯಲ್ಲಿ ಆಮೇಲೆ ಸಾರು ಮಾಡಲು ನನಗೆ ಮನಸ್ಸು ಬರಲಿಲ್ಲ, ಅದು ಬೇರೆ ಮಾತು.

ಇತ್ತ ಕೆರೆಯ ನೀರು ಇಳಿಯುತ್ತಿತ್ತು. ಇನ್ನು ಸ್ವಲ್ಪ ದಿನಕ್ಕೆ ಬೋಟ್ ತಳ ಕೆಸರಿಗೆ ತಗಲುತ್ತಿತ್ತು. ಅತ್ತೆ ಏನೂ ಕೇಳುತ್ತಿರಲಿಲ್ಲ. ಕೇಳದಿದ್ದದ್ದೇ ನನಗೆ ಸಂಕಟ.

ಒಂದು ಭಾನುವಾರ ಬೆಳಗ್ಗೆ ಕೆರೆಯ ಈಚೆ ದಂಡೆಯ ಹತ್ತಿರವೇ ಬೋಟ್ ನಿಲ್ಲಿಸಿಕೊಂಡು ಇಂಜಿನ್ ಓಡಿಸುತ್ತಿದ್ದರು. ದಡ ಬಿಡಲ್ಲವಲ್ಲ ಅಂತ ಅವತ್ತು ನಾನೂ ಅತ್ತೆಯೂ ಒಳಗೆ ಹತ್ತಿ ಕೂತಿದ್ದೆವು. ನೀರಿನ ಮೇಲೆ ಮಂಜು, ಎಲ್ಲೋ ಬಟ್ಟೆ ಒಗೆಯುವ ಸದ್ದು, ಕಣ್ಣು ಮುಚ್ಚಿದರೆ ದೇವರ ಮನೆಯಲ್ಲಿ ಕೂತಂತೆ ಒಂದು ಪರಿಮಳ. ಎಷ್ಟೋ ಹೊತ್ತು ಆ ಸುಖದಲ್ಲೇ ಇದ್ದು, ಆಮೇಲೆ ಎಚ್ಚೆತ್ತೆ. ಸೀಮೆಎಣ್ಣೆ ಹೊಗೆಯ ನಡುವೆ ಗಂಧದ ವಾಸನೆ ಎಲ್ಲಿಂದ?

"ನೋಡಿ, ಇಂಜಿನ್ ಗಂಧ ಗಂಧ ಅಂತಿದೆ."

ಇವರು ಬಗ್ಗಿ ನೋಡಿದರು. ಆಯುಧಪೂಜೆಗೆಂದು ಇಂಜಿನ್ನಿನ ಭಾಗಗಳನ್ನೆಲ್ಲ ಬಿಚ್ಚಿ ಮಣೆಯ ಮೇಲಿಟ್ಟಿದ್ದರು, ಅತ್ತೆ ಒಂದೊಂದಕ್ಕೂ ಗಂಧ ಇಟ್ಟಿದ್ದರು, ಅದೂ ಧಾರಾಳ ಕೈ. ಪೂಜೆಯ ಗಂಧವನ್ನು ಯಾರಾದರೂ ಒರೆಸುತ್ತಾರೆಯೇ? ಇವರು ಹಾಗೇ ಜೋಡಿಸಿದ್ದರು. ಬ್ಯಾಟರಿಯ ತಂತಿ ಇಂಜಿನ್ನಿನ ಮೈಗೆ ಸೇರುವ ಕಡೆ ಗಂಧ ಒಣಗಿ ಗಾರೆಯಾಗಿ ಕೂತಿತ್ತು. ಮೀಟರಿಗೆ ಕರೆಂಟ್ ಹರಿಯುವುದಾದರೂ ಹೇಗೆ? ಇವರು ಅಮ್ಮನ ಮುಖ ನೋಡಿ, ಆ ತಂತಿಯ ಬೋಲ್ಟ್ ಬಿಚ್ಚಿದರು. ಅತ್ತೆಗೆ ತಿಳಿದುಹೋಯಿತು. "ಕೊಡು ಇಲ್ಲಿ" ಅಂತ ತಾವೇ ಸೆರಗಿನಿಂದ ಗಸಗಸ ಉಜ್ಜಿದರು.

ಮುಳ್ಳು ಎದ್ದಿತು. ಇವರು ಅಲ್ಲಿಂದಲೇ ಬೋಟ್ ತಿರುಗಿಸಿದರು.

ಆಚೆ ದಡದ ಹತ್ತಿರ ಇಂಜಿನ್ ನಿಲ್ಲಿಸಿದಾಗ ಕೆರೆಯೆಲ್ಲ ಕನಸಿನಂತೆ ಸುಮ್ಮನಾಯಿತು. ಎದುರಿಗೇ ತವರಿನ ಹೆಂಚಿನ ಮನೆ, ಹುಣಸೆಮರ. ಅತ್ತೆ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ಎತ್ತು ತೊಳೆಯುತ್ತಿದ್ದ ಒಬ್ಬರು ತಲೆ ಎತ್ತಿದರು. ಅತ್ತೆಯ ತಮ್ಮ! ಎತ್ತನ್ನು ಬಿಟ್ಟು, ಎದೆಮಟ್ಟದ ನೀರಿಗೆ ನಡೆದು ಬಂದು ಬೋಟಿನ ಅಂಚು ಹಿಡಿದುಕೊಂಡರು.

"ನೆಲದ ಮೇಲೆ ತಾನೇ ಅಕ್ಕ, ಕಾಲಿಡಲ್ಲ ಅಂದಿದ್ದು?"

ಅತ್ತೆ ಆ ಒದ್ದೆ ಕೈ ಹಿಡಿದುಕೊಂಡು ಅತ್ತರು. ನನಗೂ ಅಳು ಬಂತು. ಆಮೇಲೆ ಅಕ್ಕತಮ್ಮಂದಿರು ಮಾತಿಗೆ ಕೂತರು, ಒಬ್ಬರು ಬೋಟಿನಲ್ಲಿ, ಒಬ್ಬರು ನೀರಿನಲ್ಲಿ.

ಬಿಸಿಲು ಏರಿತು. ಇವರು ಹೊರಡಲು ಇಂಜಿನ್ ಎಳೆದು ಓಡಿಸುವ ಹಗ್ಗಕ್ಕೆ ಕೈ ಹಾಕಿದಾಗ ಅತ್ತೆ ಕೇಳಿದರು, "ಇಂಜಿನ್ ಇನ್ನೂ ಬಿಸಿ ಇದೆಯೇನೋ? ಆರಲಿ ಬಿಡೋ."

ಇವರು ಮೀಟರ್ ನೋಡಿದರು. ನಾನೂ ನೋಡಿದೆ. ಇಂಜಿನ್ ಆರಿ, ಮುಳ್ಳು ಯಾವಾಗಲೋ ಕೆಳಗೆ ಬಂದು ಮಲಗಿತ್ತು.

"ಹೂಂ ಅಮ್ಮ, ಇನ್ನೂ ಬಿಸಿ ಇದೆ" ಅಂದರು.